ಹಳೆಯ ಗಾಡಿಗೆ ಪಾರಿತೋಷಕ

ಮೋಟಾರು ಗಾಡಿಗಳ ಶರ್ಯತ್ತು ಎಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಒಂದೇ ಚಿತ್ರ. ಧೂಳೆಬ್ಬಿಸುತ್ತ ಹತ್ತಾರು ಗಾಡಿಗಳು ಓಡುತ್ತವೆ. ಮೊದಲು ಮುಟ್ಟಿದವನ ಕೊರಳಿಗೆ ಹಾರ, ಕೈಗೆ ಬೆಳ್ಳಿಯ ಬಟ್ಟಲು. ಆದರೆ ಈಹೊತ್ತು ನಾನು ಹೇಳಹೊರಟಿರುವ ಶರ್ಯತ್ತುಗಳ ರೀತಿಯೇ ಬೇರೆ. ಇಲ್ಲಿ ಬೇಗ ಬಂದವನಿಗೆ ದಂಡ ಬೀಳುತ್ತದೆ. ಹೊಸ ಬಣ್ಣ ಹೆಚ್ಚು ಹೊಳೆದರೆ ಗುಣ ಕಳೆಯುತ್ತಾರೆ. ಊರು ಮುಟ್ಟಿದವರಿಗೆಲ್ಲ ಪದಕ ಕೊಟ್ಟು, ಮೊದಲು ಬಂದವರು ಯಾರೆಂದು ಕೇಳುವ ಗೋಜಿಗೇ ಹೋಗದ ಕೂಟವೂ ಉಂಟು. ಹಳೆಯ ಮೋಟಾರು ಗಾಡಿಗಳನ್ನು, ಅದರಲ್ಲೂ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಾಕುವ ಸಂಘಗಳು ವರ್ಷಕ್ಕೊಮ್ಮೆ ಹಂಚುವ ಪಾರಿತೋಷಕಗಳ ಮಾತು ಇದು.

ಸಾಕುವ ಎಂದೆ. ಬೇಕೆಂದೇ ಆ ಶಬ್ದ ಬಳಸಿದೆ. ಹಸು ಸಾಕಿದವರಿಗೆ ಗೊತ್ತಿರುವ ಕಷ್ಟವೇ ಇದರಲ್ಲಿಯೂ ಇದೆ. ಹಾಲು ಮಾತ್ರ ಇಲ್ಲ.

ಊರು ಮುಟ್ಟಿದವರಿಗೆಲ್ಲ ಪದಕ ಕೊಡುವ ಆ ಕೂಟ ಇಂಗ್ಲೆಂಡಿನದು. 1896ರ ವರೆಗೆ ಅಲ್ಲಿ ಊರ ಹೊರಗಿನ ರಸ್ತೆಯಲ್ಲಿ ಯಂತ್ರದ ಗಾಡಿ ಗಂಟೆಗೆ 4 ಮೈಲಿಗಿಂತ ಹೆಚ್ಚು ಓಡಕೂಡದು ಎಂಬ ಕಾಯಿದೆ ಇತ್ತು. ಎಂದರೆ ಚುರುಕಾಗಿ ನಡೆಯುವ ಮನುಷ್ಯನ ವೇಗ. ಆ ವರ್ಷ ಕಾಯಿದೆ ಸಡಿಲವಾಯಿತು. ನವೆಂಬರ್ 14ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ ಕಡಲತೀರದ ವರೆಗೆ ಗಾಡಿ ಓಡಿಸಿ ಸಂಭ್ರಮಿಸಿದರು. 1927ರಲ್ಲಿ ಆ ದಿನದ ನೆನಪಿಗಾಗಿ ಮತ್ತೊಮ್ಮೆ ಓಟ ನಡೆಯಿತು. ಅಲ್ಲಿಂದ ಮುಂದೆ, ಯುದ್ಧಕಾಲದಂಥ ಕೆಲವು ವರ್ಷ ಬಿಟ್ಟರೆ, ಅದು ವಾಡಿಕೆಯೇ ಆಯಿತು. 1905ಕ್ಕೆ ಮುಂಚೆ ಹುಟ್ಟಿದ ಗಾಡಿಗಳಿಗೆ ಮಾತ್ರ ಪ್ರವೇಶ. ಸುಮಾರು 60 ಮೈಲಿಯ ದಾರಿ. ಸಂಜೆ ನಾಲ್ಕೂವರೆಯೊಳಗೆ ಬ್ರೈಟನ್ ಮುಟ್ಟಿದವರಿಗೆಲ್ಲ ಒಂದೊಂದು ಪದಕ. ಅಷ್ಟೆ. 1953ರಲ್ಲಿ ಬಂದ 'ಜೆನೆವೀವ್' ಎಂಬ ನಗೆಚಿತ್ರದ ಕತೆ ಹೆಣೆದಿರುವುದು ಈ ಓಟದ ಸುತ್ತಲೇ: ಇಬ್ಬರು ಗೆಳೆಯರು, ಹೋಗುವಾಗಿನ ಸಮಾಧಾನ ಬಿಟ್ಟು, ಹಿಂತಿರುಗುವಾಗ ಪಣ ಕಟ್ಟಿ ಪೇಚಿಗೆ ಬೀಳುತ್ತಾರೆ. ಆ ಚಿತ್ರ ನೋಡಿದ ಮೇಲೆ ಹಳೆಯ ಗಾಡಿಗಳ ಸಂಘ ಸೇರುವವರ ಸಂಖ್ಯೆ ಹೆಚ್ಚಿತೆಂದು ಹೇಳುತ್ತಾರೆ. ಸಿನಿಮಾ ನೋಡಿ ಕೆಟ್ಟವರ ಕತೆ ಬೇಕಾದಷ್ಟು ಕೇಳಿದ್ದೇವೆ. ಇದೂ ಒಂದು ಬಗೆಯ ಕೆಡುಕೇ ಎಂದು ಅವರವರ ಮನೆಯ ಹೆಂಗಸರು ಅಂದಿದ್ದರೆ ಆಶ್ಚರ್ಯವಿಲ್ಲ.

ಇದೇ ದೇಶದಲ್ಲಿ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಹುಟ್ಟಿತು. ಅದನ್ನು ಕಟ್ಟಿದವರು ದೊಡ್ಡ ಸಾಹುಕಾರರಲ್ಲ. ಹೊಸ ಗಾಡಿ ಕೊಳ್ಳುವಷ್ಟು ಹಣವಿಲ್ಲದ, ಆದರೆ ನಾಲ್ಕಾರು ವರ್ಷದ ಹಿಂದಿನ ಗಾಡಿಗಳೇ ಗಟ್ಟಿಮುಟ್ಟು ಎಂದು ನಂಬಿದ ತರುಣರು. 1930ರ ಕೊನೆಯ ವರೆಗೆ ತಯಾರಾದವನ್ನು ಮಾತ್ರ ಅವರು 'ವಿಂಟೇಜ್' ಎಂದು ಒಪ್ಪಿದರು. ಮುಂದೆ ಬೇರೆ ಕಡೆಯೂ ಹಲವರು ಆ ಗೆರೆಯನ್ನು ಒಪ್ಪಿಕೊಂಡರು. ಹಳೆಯ ಗಾಡಿಯ ಹುಚ್ಚು ರಾಜಮಹಾರಾಜರದು ಎಂದು ನಮ್ಮಲ್ಲಿ ಒಂದು ಭಾವನೆಯಿದೆ. ಸಂಘದ ಹುಟ್ಟು ನೋಡಿದರೆ ಹಾಗಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ನಮ್ಮ ದೇಶದಲ್ಲಿ ಇಂಥ ಕೂಟಗಳಿಗೆ ನೆಲೆ ಒದಗಿಸಿದ್ದು 'ಸ್ಟೇಟ್ಸ್‌ಮನ್' ಪತ್ರಿಕೆ. 1964ರಲ್ಲಿ ದಿಲ್ಲಿಯಲ್ಲಿ ಅದು ಹಳೆಯ ಗಾಡಿಗಳ ಮೆರವಣಿಗೆ ಆರಂಭಿಸಿತು. ಕಲಕತ್ತೆಯಲ್ಲಿಯೂ ಅದು ಬೇರೂರಿತು. ದಿಲ್ಲಿಯ ಕೂಟದಲ್ಲಿ ಜನ ಕಾದು ನೋಡುವ ಗಾಡಿಗಳಲ್ಲಿ ಒಂದು ಬೆಂಕಿ ಆರಿಸುವ ಬಂಡಿ: 1914ರ ಜಾನ್ ಮಾರಿಸ್ 'ಫೈರ್ ಕಿಂಗ್'. ಒಂದು ಕಾಲಕ್ಕೆ ನಿಜಾಮರ ರೈಲ್ವೆಯ ಆಸ್ತಿಯಾಗಿದ್ದು, ಆಮೇಲೆ ದಿಲ್ಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ಸೇರಿತು. ರೋಲ್ಸ್‌ರಾಯ್ಸ್‌ಗಳ ನಡುವೆ ಈ ಕೆಂಪು ಮುದುಕ ಗಂಟೆ ಬಾರಿಸುತ್ತ ಹೊರಟರೆ ಮಕ್ಕಳ ಕೂಗು ಅದಕ್ಕೇ. ನಮ್ಮ ರಾಜ್ಯದಲ್ಲಿ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ಬು ಬೆಂಗಳೂರಿನಲ್ಲಿ ಗಾಡಿಗಳನ್ನು ಕೂಡಿಸುತ್ತ ಬಂದಿದೆ. ಕೆಲವು ದಸರಾಗಳಲ್ಲಿ ಮೈಸೂರಿನ ಬೀದಿಗಳಲ್ಲಿಯೂ ಇಂಥ ಗಾಡಿಗಳ ಸಾಲು ಕಂಡಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಗಾಡಿಗಳನ್ನು ಯಾತ್ರೆಗೆ ಹೋದವರು ಹಲವರು ನೋಡಿಯೇ ಇದ್ದೀರಿ.

ಇನ್ನು ಪಾರಿತೋಷಕ ಯಾವುದಕ್ಕೆ ಎಂಬ ಪ್ರಶ್ನೆ. ಸಂಘಗಳ ವಾರ್ಷಿಕ ಪಟ್ಟಿಯಲ್ಲಿ ಬಹುಮಾನಗಳು ಹತ್ತಿಪ್ಪತ್ತು ಇರಬಹುದು; ತಿರುಳು ಎರಡೇ. ಒಂದು, ಓಡುವ ಗಾಡಿಯ ಪರೀಕ್ಷೆ. ಇನ್ನೊಂದು, ನಿಂತ ಗಾಡಿಯ ಪರೀಕ್ಷೆ.

ಓಡುವ ಪರೀಕ್ಷೆಯನ್ನು ನಮ್ಮ ರಸ್ತೆಯ ಮೇಲೆಯೇ ಇಟ್ಟು ನೋಡೋಣ. ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರು. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ, ಹಟ್ಟಿಕೇರಿ ದಾಟಿ ಹೋಗುವ ದಾರಿ ನಿಮಗೆಲ್ಲ ಅಂಗೈ ಗೆರೆ. ಒಂದು ಪಕ್ಷ ಇಲ್ಲಿ ಹಳೆಯ ಗಾಡಿಗಳ ಓಟ ಏರ್ಪಟ್ಟಿತು ಎಂದಿಟ್ಟುಕೊಳ್ಳಿ. ಸಂಘದವರು ಕೈಗೆ ಒಂದು ಚೀಟಿ ಕೊಡುತ್ತಾರೆ: ಸರಾಸರಿ ವೇಗ ಗಂಟೆಗೆ 30 ಕಿಲೋಮೀಟರು. ಎಂದರೆ ಒಂದು ಕಿಲೋಮೀಟರಿಗೆ ಸರಿಯಾಗಿ ಎರಡು ನಿಮಿಷ. ಮುಂಜಾನೆ 7ಕ್ಕೆ ಕಾರವಾರ ಬಿಟ್ಟ ಗಾಡಿ 8 ಗಂಟೆ 10 ನಿಮಿಷಕ್ಕೆ ಅಂಕೋಲೆಯಲ್ಲಿರಬೇಕು. ಇದೇನು ಮಹಾ, ಎತ್ತಿನ ಗಾಡಿಗಿಂತ ತುಸು ಜೋರು ಎನ್ನುತ್ತೀರಾ? ತಾಳಿ. ದಾರಿಯಲ್ಲಿ ಎಲ್ಲೆಲ್ಲಿ ಗಡಿಯಾರ ಹಿಡಿದವರು ಕೂತಿದ್ದಾರೆಂದು ಯಾರಿಗೂ ಹೇಳುವುದಿಲ್ಲ. ಮರದ ಮರೆಯಲ್ಲಿರಬಹುದು, ಚಹದಂಗಡಿಯ ಬೆಂಚಿನ ಮೇಲಿರಬಹುದು. 12ನೆಯ ಕಿಲೋಮೀಟರಿನ ಕಲ್ಲಿನ ಹತ್ತಿರ ಒಬ್ಬನಿದ್ದರೆ ನೀವು ಅಲ್ಲಿ 7 ಗಂಟೆ 24 ನಿಮಿಷಕ್ಕೆ ಹಾಯಬೇಕು. 40 ಸೆಕೆಂಡು ತಡವಾದರೆ 40 ಗುಣ ಹೋಯಿತು. 40 ಸೆಕೆಂಡು ಮೊದಲೇ ಬಂದಿರೋ, ಬಹಳ ಕಡೆ ದಂಡ ಇಮ್ಮಡಿ. ಅವಸರಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಜಾಗವಿಲ್ಲ ಎಂಬುದೇ ಈ ನಿಯಮದ ಹಿಂದಿನ ಜಾಣತನ.

ಈಗ ದಾರಿಗಡ್ಡ ದನ ಬಂದವು, ಒಂದು ನಿಮಿಷ ನಿಲ್ಲಬೇಕಾಯಿತು ಎನ್ನೋಣ. ಆ ನಿಮಿಷವನ್ನು ಮರಳಿ ಗಳಿಸುವುದು ಹೇಗೆ? ಗಂಟೆಗೆ 40ರ ವೇಗದಲ್ಲಿ ಹೋದರೆ ಕಿಲೋಮೀಟರಿಗೆ ಒಂದೂವರೆ ನಿಮಿಷ; ಪ್ರತಿ ಕಿಲೋಮೀಟರಿಗೆ ಅರ್ಧ ನಿಮಿಷದ ಉಳಿತಾಯ. ಎರಡು ಕಿಲೋಮೀಟರು ಹಾಗೆ ಓಡಿಸಿ ಮತ್ತೆ 30ಕ್ಕೆ ಇಳಿಯಬೇಕು. ಇದನ್ನು ಲೆಕ್ಕ ಹಾಕುವವನು ಚಾಲಕನಲ್ಲ, ಪಕ್ಕದಲ್ಲಿ ತೊಡೆಯ ಮೇಲೆ ಹಲಗೆ, ಕೈಯಲ್ಲಿ ಪೆನ್ಸಿಲು ಹಿಡಿದು ಕೂತ ಜೊತೆಗಾರ. ಬಹಳ ಸಲ ಜೊತೆಗಾತಿ. ಗಂಡ ಗಾಡಿ ನಡೆಸುವುದು, ಹೆಂಡತಿ ಲೆಕ್ಕ ಹಿಡಿಯುವುದು ಈ ಓಟಗಳಲ್ಲಿ ಸಾಮಾನ್ಯ. ಮನೆಯ ಪದ್ಧತಿಯೇ ರಸ್ತೆಗೆ ಬಂದಿದೆ ಎನ್ನಿ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಗಾಡಿಯ ಮೈಲುಮಾಪಕ ಎಷ್ಟು ನಂಬಿಗಸ್ತ? ಮೂಲ ಅಳತೆಯ ಟೈರು ಸಿಗದೆ ಸ್ವಲ್ಪ ದೊಡ್ಡದನ್ನು ಹಾಕಿದ್ದರೆ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮಾಪಕ ಕಡಿಮೆ ತೋರಿಸುತ್ತದೆ. ನೂರಕ್ಕೆ ಎರಡು ಭಾಗದ ತಪ್ಪಿದ್ದರೂ 35 ಕಿಲೋಮೀಟರಿನಲ್ಲಿ 700 ಮೀಟರು. 30ರ ವೇಗದಲ್ಲಿ ಅದು 84 ಸೆಕೆಂಡು. ಗೆಲ್ಲುವವರಿಗೂ ಸೋಲುವವರಿಗೂ ನಡುವಿನ ಅಂತರ ಇದಕ್ಕಿಂತ ಎಷ್ಟೋ ಚಿಕ್ಕದು. ಆದ್ದರಿಂದ ಬಲ್ಲವರು ಹಿಂದಿನ ದಿನವೇ ಅಳೆದ ದೂರದ ಮೇಲೆ ಗಾಡಿ ಓಡಿಸಿ ಮಾಪಕದ ತಪ್ಪನ್ನು ಗುರುತು ಹಾಕಿಕೊಂಡಿರುತ್ತಾರೆ.

ಜೊತೆಗಾರನ ಮಾತು ಬಂದಾಗ ಇಟಲಿಯ ಮಿಲ್ಲೆ ಮಿಲಿಯಾ ಎಂಬ ಸಾವಿರ ಮೈಲಿಯ ಓಟವನ್ನು ನೆನೆಯದೆ ಇರಲಾಗದು. 1927ರಲ್ಲಿ ಆರಂಭವಾದ ಆ ಓಟ ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳುತ್ತಿತ್ತು. ಅದು ನಿಜವಾದ ವೇಗದ ಶರ್ಯತ್ತು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಗಾಡಿಯಲ್ಲಿ ಅದನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದ. ಪಕ್ಕದಲ್ಲಿದ್ದವನು ಡೆನಿಸ್ ಜೆಂಕಿನ್ಸನ್ ಎಂಬ ಗಡ್ಡದ ಪತ್ರಕರ್ತ. ದಾರಿಯ ತಿರುವುಗಳನ್ನೆಲ್ಲ ಮೊದಲೇ ನೋಡಿ, ಹದಿನೇಳು ಹದಿನೆಂಟು ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಬರೆದುಕೊಂಡು, ಒಂದು ಪೆಟ್ಟಿಗೆಯಲ್ಲಿ ಅದನ್ನು ಸುತ್ತುತ್ತ, ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳದೆಂದು ಕೈಸನ್ನೆಯಿಂದ ಮುಂದಿನ ತಿರುವನ್ನು ಹೇಳಿದನು. ಎರಡೇ ವರ್ಷದಲ್ಲಿ, 1957ರಲ್ಲಿ, ಒಂದು ಗಾಡಿ ರಸ್ತೆ ಬಿಟ್ಟು ಜನರ ಮೇಲೆ ಹರಿದು ಮಕ್ಕಳೂ ಸೇರಿ ಹಲವರು ಸತ್ತರು. ಅಲ್ಲಿಗೆ ಆ ಶರ್ಯತ್ತು ನಿಂತಿತು. 1977ರಲ್ಲಿ ಅದಕ್ಕೆ ಮರುಹುಟ್ಟು ಬಂದಾಗ ಅದು ವೇಗದ ಓಟವಾಗಿರಲಿಲ್ಲ. ನಾನು ಮೇಲೆ ಹೇಳಿದ ಹಾಗೆ ಗಡಿಯಾರಕ್ಕೆ ತಕ್ಕಂತೆ ನಡೆಸುವ ಓಟವಾಗಿತ್ತು. ಹಳೆಯ ಗಾಡಿಯ ಸಂಘಗಳು ನಿಧಾನವನ್ನು ಆರಿಸಿಕೊಂಡದ್ದು ಮುದಿತನದ ಅಶಕ್ತಿಯಿಂದಲ್ಲ ಎಂಬುದಕ್ಕೆ ಈ ಇತಿಹಾಸ ಸಾಕ್ಷಿ.

ನಿಂತ ಗಾಡಿಯ ಪರೀಕ್ಷೆ ಬೇರೆ ತರಹದ್ದು. ಹುಲ್ಲಿನ ಮೇಲೆ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಪರೀಕ್ಷಕರು ನೂರು ಗುಣದಿಂದ ಆರಂಭಿಸಿ ಒಂದೊಂದೇ ಕಳೆಯುತ್ತ ಬರುತ್ತಾರೆ. ತಿರುಪು ಆ ಕಾಲದ್ದೇ? ಆಸನದ ಚರ್ಮದ ಹೊಲಿಗೆ ಕಾರಖಾನೆಯ ಹೊಲಿಗೆಯೇ? ಹಾರ್ನು ಕೂಗುತ್ತದೆಯೆ, ವೈಪರು ಆಡುತ್ತದೆಯೆ? ಅಮೇರಿಕದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದು ಬಂದ ಇಂಥ ಪರೀಕ್ಷೆ ಲೋಕಪ್ರಸಿದ್ಧ. ಅಲ್ಲಿ ಒಂದು ಕಾಲಕ್ಕೆ ಹೊಳಪೇ ಸರ್ವಸ್ವವಾಗಿತ್ತು. ಕಾರಖಾನೆಯಿಂದ ಬಂದ ದಿನವೂ ಇರದಿದ್ದ ಹೊಳಪನ್ನು ಹಣ ಸುರಿದು ತರುತ್ತಿದ್ದರು. ಕೊನೆಗೆ ಅವರಿಗೇ ಬೇಸರ ಬಂದಿರಬೇಕು. 2001ರಲ್ಲಿ, ಮುಟ್ಟದೆ ಹಾಗೆಯೇ ಉಳಿಸಿಕೊಂಡ ಗಾಡಿಗಳಿಗೆಂದು ಬೇರೆಯೇ ಒಂದು ವರ್ಗ ಮಾಡಿದರು. ಸುಲಿದ ಬಣ್ಣ, ಸವೆದ ಚರ್ಮ ಅಲ್ಲಿ ಕುಂದಲ್ಲ, ಗುಣ. ಅದಕ್ಕೂ ಮೊದಲು, 1998ರಿಂದ, ಪ್ರದರ್ಶನದ ಗಾಡಿಗಳಿಗೆ ರಸ್ತೆಯ ಮೇಲೆ ಒಂದು ಸುತ್ತು ಏರ್ಪಡಿಸಿದ್ದಾರೆ. ಎರಡು ಗಾಡಿಗಳಿಗೆ ಸಮಗುಣ ಬಂದರೆ ಆ ಸುತ್ತನ್ನು ಪೂರೈಸಿದ ಗಾಡಿಗೆ ಬಹುಮಾನ.

ನನ್ನ ಅಭಿಪ್ರಾಯವೂ ಅದೇ ಕಡೆಗಿದೆ. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂತಲ್ಲ, ಅದು ಸಿಪ್ಪೆಯ ಚೆಲುವಿಗೆ ಬಂದದ್ದೆ? ತಿಂದು ನೋಡದೆ ಮಾವಿಗೆ ಬಹುಮಾನ ಕೊಡುವವನನ್ನು ನಮ್ಮ ಕಡೆಯವರು ಏನೆನ್ನುತ್ತಾರೋ, ಓಡಿಸಿ ನೋಡದೆ ಗಾಡಿಗೆ ಬಹುಮಾನ ಕೊಡುವವನನ್ನೂ ಹಾಗೆಯೇ ಅನ್ನಬೇಕು. ದೇವಸ್ಥಾನದ ತೇರು ವರ್ಷಕ್ಕೊಮ್ಮೆಯಾದರೂ ಬೀದಿಗೆ ಬರುತ್ತದೆ; ಬರುವುದರಿಂದಲೇ ಅದರ ಅಚ್ಚು, ಗಾಲಿ, ಹಗ್ಗಗಳ ಮೇಲೆ ಊರಿನ ಕಣ್ಣಿರುತ್ತದೆ. ಮನೆಯಲ್ಲೇ ಮುಚ್ಚಿಟ್ಟ ಗಾಡಿಯ ಬ್ರೇಕು ಬಿಗಿಯುತ್ತದೆ, ಪೆಟ್ರೋಲು ಅಂಟಾಗುತ್ತದೆ, ರಬ್ಬರು ಬಿರಿಯುತ್ತದೆ.

ನಮ್ಮ ಕರಾವಳಿಯಲ್ಲಿ ಇದರ ಮೇಲೆ ಉಪ್ಪಿನ ಗಾಳಿ. ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ಉಪ್ಪಿನ ಶಕ್ತಿ ಹೊಸದಾಗಿ ಹೇಳಬೇಕಿಲ್ಲ. ಕಾರವಾರದ ಕಾಳಿ ನದಿಗೆ ಸೇತುವೆ ಆಗುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ಗಾಡಿ ದಾಟಿಸುವುದೆಂದರೆ ನೀರಿನ ಮೇಲಿನ ಪ್ರಯಾಣವೇ ಆಗಿತ್ತು. ಆಮೇಲೆ ಬಂದ ಆ ಸೇತುವೆಯೂ ನಾಲ್ಕು ದಶಕ ಬಾಳಿ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅಷ್ಟು ದೊಡ್ಡ ಕಟ್ಟಡಕ್ಕೇ ಆಯುಷ್ಯ ಇಷ್ಟಾದರೆ ತೆಳು ತಗಡಿನ ಗಾಡಿಯ ಪಾಡೇನು! ತುಕ್ಕು ಕಣ್ಣಿಗೆ ಕಾಣುವ ಕಡೆ ಹಿಡಿಯುವುದಿಲ್ಲ. ಬಾಗಿಲಿನ ಕೆಳಗೆ ನೀರಿಳಿಯುವ ತೂತು ಮಣ್ಣು ತುಂಬಿ ಮುಚ್ಚಿರುತ್ತದೆ; ಅಲ್ಲಿ ಒಳಗಿನಿಂದ ತಿನ್ನುತ್ತ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಆ ತೂತುಗಳಿಗೆ ಒಂದು ಕಡ್ಡಿ ಆಡಿಸಿ, ಸಿಹಿನೀರಿನಿಂದ ಗಾಡಿಯ ಹೊಟ್ಟೆ ತೊಳೆದು ಒಣಗಿಸಿದರೆ ಅರ್ಧ ಗೆದ್ದ ಹಾಗೆ.

ತುಕ್ಕೇ ಹಿಡಿಯದ ಮೈಯ ಗಾಡಿ ನಮ್ಮ ನಾಡಿನಲ್ಲೇ ತಯಾರಾಗಿತ್ತು ಎಂಬುದು ಅನೇಕರಿಗೆ ಮರೆತುಹೋಗಿದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ 'ಡಾಲ್ಫಿನ್' ಎಂಬ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಗಾಜಿನ ನಾರಿನ ಮೈ, 848 ಸಿ.ಸಿ. ಇಂಜಿನ್ನು, ಎರಡೇ ಬಾಗಿಲು. ಮನೆಬಳಕೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ. 1983ರ ಕೊನೆಗೆ ಮಾರುತಿ ಬಂದ ಮೇಲಂತೂ ಕೇಳುವವರಿರಲಿಲ್ಲ. ಆದರೆ ಹಗುರ ಮೈಯ ಈ ಗಾಡಿ ರ‍್ಯಾಲಿಗಳಲ್ಲಿ, ಮದರಾಸಿನ ಬಳಿಯ ಶೋಲಾವರಂ ಓಟದ ಬಯಲಿನಲ್ಲಿ ದೊಡ್ಡ ದೊಡ್ಡವನ್ನು ಬೆವರಿಳಿಸಿತು. ಅದೇ ದಶಮಾನ ಕಳೆದು ಇನ್ನೊಂದು ಮುಗಿಯುವ ಹೊತ್ತಿಗೆ ಬೆಂಗಳೂರಿನ ಸಾನ್ ಮೋಟಾರ್ಸ್ ಎರಡೇ ಆಸನದ, ಮೇಲ್ಚಾವಣಿ ತೆಗೆಯುವ 'ಸ್ಟಾರ್ಮ್' ಎಂಬ ಸ್ಪೋರ್ಟ್ಸ್ ಕಾರು ಮಾಡಿತು. ಅದಕ್ಕೂ ಗಾಜಿನ ನಾರಿನ ಮೈ, ಒಳಗೆ ರೆನೋ ಇಂಜಿನ್ನು. ಕೆಲವೇ ಕೆಲವು ತಯಾರಾದವು. ಇಂಥವು ಎಲ್ಲಿಯಾದರೂ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ, ವಿದೇಶದ ಹೆಸರಾಂತ ಗಾಡಿಗಿಂತ ಮೊದಲು ಅವನ್ನು ಎತ್ತಿ ನಿಲ್ಲಿಸುವುದು ನಮ್ಮ ಸಂಘಗಳ ಕೆಲಸವೆಂದು ನನಗೆ ತೋರುತ್ತದೆ. ಪರದೇಶದ ಎಂ.ಜಿ., ಟ್ರಯಂಫ್‌ಗಳನ್ನು ನೋಡಿಕೊಳ್ಳುವವರು ಲೋಕದ ತುಂಬ ಇದ್ದಾರೆ. ಡಾಲ್ಫಿನ್ನಿಗೆ ನಾವಲ್ಲದೆ ಯಾರು?

ಇಷ್ಟೆಲ್ಲ ಹೇಳಿ ಮಿಸ್ತ್ರಿಯ ಹೆಸರೆತ್ತದಿದ್ದರೆ ಅನ್ಯಾಯವಾದೀತು. ಬಹುಮಾನದ ಬಟ್ಟಲಿನ ಮೇಲೆ ಕೊರೆಯುವುದು ಮಾಲಿಕನ ಹೆಸರನ್ನು. ಆದರೆ ಎಲ್ಲಿಯೂ ಸಿಗದ ಬುಶ್ಶನ್ನು ಲೇತಿನ ಮೇಲೆ ಕಡೆದವನು, ತಗಡನ್ನು ಮರದ ಸುತ್ತಿಗೆಯಿಂದ ಬಡಿದು ರೆಕ್ಕೆಯ ಬಾಗು ತಂದ ಟಿಂಕರಿನವನು, ಕಿವಿಯಿಂದಲೇ ಕಾರ್ಬುರೇಟರು ಸರಿಮಾಡಿದವನು—ಇವರು ಗುಂಪಿನ ಹಿಂದೆ ಎಣ್ಣೆಬಟ್ಟೆ ಹಿಡಿದು ನಿಂತಿರುತ್ತಾರೆ. ಇವರ ಮಕ್ಕಳು ಗಣಕಯಂತ್ರ ಜೋಡಿಸಿ ಇಂಜಿನ್ನಿನ ರೋಗ ಕಂಡುಹಿಡಿಯುವ ಕೆಲಸ ಕಲಿತಿದ್ದಾರೆ. ತಪ್ಪೇನಿಲ್ಲ, ಹೊಟ್ಟೆಪಾಡು ಅಲ್ಲಿದೆ. ಆದರೆ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುವ ಕೈಗಳು ಹೋದರೆ ಮಾಲಿಕನ ಹಣವೇನು ಮಾಡೀತು? ವರ್ಷದ ಉತ್ತಮ ಗಾಡಿಗೆ ಕೊಡುವ ಢಾಲಿನ ಮೇಲೆ ಮಾಲಿಕನ ಹೆಸರಿನ ಕೆಳಗೆ ಮಿಸ್ತ್ರಿಯ ಹೆಸರನ್ನೂ ಕೊರೆಸಿದರೆ ಸಂಘಕ್ಕೆ ತಗಲುವ ಖರ್ಚು ಒಂದು ಸಾಲಿನದು.

ಕೇಳುವವರಲ್ಲಿ ಕೆಲವರ ಮನೆಯ ಹಿಂದೆ, ತೆಂಗಿನ ಗರಿಯ ಮಾಡಿನ ಕೆಳಗೆ, ಅಜ್ಜನ ಕಾಲದ ಫಿಯೆಟ್ಟೋ ಅಂಬಾಸಡರೋ ಸ್ಟ್ಯಾಂಡರ್ಡ್ ಹೆರಾಲ್ಡೋ ಇದ್ದೀತು. ಹಳೆಯ ಕಬ್ಬಿಣದವನು ಬಂದು ಕೇಳಿಯೂ ಹೋಗಿರಬಹುದು. ಕೊಡುವ ಮೊದಲು ಎರಡು ವಿಷಯ ತಿಳಿದಿರಲಿ. ಒಂದು: ಹೆರಾಲ್ಡನ್ನು ಹೀಗಳೆಯಬೇಡಿ. ಇಂಗ್ಲೆಂಡಿನ ಸ್ಪಿಟ್‌ಫೈರ್ ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರಿಗೆ ಅಡಿಪಾಯವಾದದ್ದು ಹೆರಾಲ್ಡಿನ ಚಾಸಿಯೇ. ಎರಡರ ರೂಪವನ್ನು ಬರೆದ ಕೈಯೂ ಒಂದೇ, ಇಟಲಿಯ ಮಿಕೆಲೊಟ್ಟಿಯದು. ಎರಡು: 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ಗಾಡಿಗಳಿಗೆ ಬೇರೆಯೇ ನೋಂದಣಿ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ, ಚತುಶ್ಚಕ್ರ ಗಾಡಿಗಳಿಗೆ ಇದು ಅನ್ವಯ. ಚಾಸಿ, ಮೈ, ಇಂಜಿನ್ನುಗಳನ್ನು ಗುರುತು ಸಿಗದಷ್ಟು ಬದಲಿಸಿರಬಾರದು. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ 'ವಿ ಎ' ಎಂದು ಬರುತ್ತದೆ. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಬಾಳಿಕೆ, ಮರುನೋಂದಣಿಗೆ 5,000 ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಇದಕ್ಕೆ ಪ್ರತಿಯಾಗಿ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು—ಇಂಥವಕ್ಕೆ ಮಾತ್ರ ರಸ್ತೆ. ಅಜ್ಜನ ಗಾಡಿಯಲ್ಲಿ ಸಂತೆಗೆ ಹೋಗಬೇಕೆನ್ನುವವರಿಗೆ ಈ ನೋಂದಣಿ ಅನುಕೂಲವಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ ಪರೀಕ್ಷೆ ಮಾಡಿಸಿ ಮುಂದುವರಿಸಬೇಕು. ಯಾವ ದಾರಿ ಹಿಡಿದರೂ ಮೂಲ ಆರ್.ಸಿ. ಪುಸ್ತಕ ಬೇಕು. ಗಾಡಿಗಿಂತ ಮೊದಲು ಕಪಾಟಿನಲ್ಲಿ ಆ ಪುಸ್ತಕವನ್ನು ಹುಡುಕಿ.

ಕೊನೆಗೆ ಸಂಘಗಳ ಪಟ್ಟಿಯ ಬುಡದಲ್ಲಿರುವ ಒಂದು ಸಣ್ಣ ಬಹುಮಾನ. ಅತಿ ದೂರದಿಂದ ತನ್ನ ಕಾಲ ಮೇಲೆ ತಾನೇ ಓಡಿಬಂದ ಗಾಡಿಗೆ ಅದನ್ನು ಹಲವು ಕಡೆ ಕೊಡುತ್ತಾರೆ. ಲಾರಿಯ ಮೇಲೆ ಹೇರಿಕೊಂಡು ಬಂದದ್ದಕ್ಕೆ ಇಲ್ಲ. ಬೆಂಗಳೂರಿನ ಕೂಟಕ್ಕೆ ಕಾರವಾರದಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ಈ ಬಹುಮಾನಕ್ಕೆ ನಮ್ಮ ಕಡೆಯವರು ಯೋಗ್ಯ ಉಮೇದುವಾರರು. ಹೊರಡುವವರು ಫ್ಯಾನ್ ಬೆಲ್ಟು ಇನ್ನೊಂದು, ನೀರಿನ ಕ್ಯಾನು ಎರಡು ಇಟ್ಟುಕೊಳ್ಳಿ. ಅಂಕೋಲೆಯನ್ನು ಬೆಳಕು ಹರಿಯುವ ಮೊದಲೇ ಬಿಟ್ಟು, ಬಿಸಿಲೇರುವುದರೊಳಗೆ ಅರಬೈಲು ಘಟ್ಟ ಹತ್ತಿಬಿಡಿ. ಲಾರಿಯ ಹಿಂದೆ ಸಿಕ್ಕಿಬಿದ್ದರೆ ಅದನ್ನು ದಾಟುವ ಹಟ ಬೇಡ, ಎರಡನೆಯ ಗೇರಿನಲ್ಲಿ ದೂರ ಬಿಟ್ಟು ಬನ್ನಿ. ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ ಚಹ ಕುಡಿಯಿರಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಇಂಜಿನ್ನು ತಣ್ಣಗಾಗುವ ತನಕ ಮುಟ್ಟಬೇಡಿ.